ಫ್ಲೋರಿಡಾ ಜೌಗಿನಲ್ಲಿ ಚಳಿಗೆ ಸಾಯೋದು ಹೇಗೆ?

ಜೆಸಿನಗರದವ:
ನಮ್ಮ ಮನೆ ಹತ್ತಿರ ಪ್ಯಾರಾಶೂಟ್ ರೆಜಿಮೆಂಟ್ ಟ್ರೈನಿಂಗ್ ಸೆಂಟರ್ ಇದೆ. ಆ ಮರೂನ್ ಟೋಪಿ ನೋಡಿ ನೋಡಿ ಕಮಾಂಡೋ ತರಬೇತಿ ಬಗ್ಗೆ ಓದುವ ಹುಚ್ಚು ಹಿಡಿದಿದೆ. ಅಮೆರಿಕದ ರೇಂಜರ್ ಸ್ಕೂಲ್‌ನಲ್ಲಿ ಮೂರು ಹಂತ, ಕೊನೆಯದು ಫ್ಲೋರಿಡಾದ ಎಗ್ಲಿನ್ ಹತ್ತಿರದ ಜೌಗಿನಲ್ಲಿ. 1995ರ ಫೆಬ್ರವರಿಯಲ್ಲಿ ಅಲ್ಲಿ ನಾಲ್ಕು ಜನ ಚಳಿಗೆ ಸತ್ತರು ಎಂದು ಓದಿದೆ. ಫ್ಲೋರಿಡಾ ಸೆಕೆ ಊರು ಅಲ್ವಾ? ಮೊಸಳೆ ಹಿಡಿಯಿತು ಅಂದಿದ್ದರೆ ನಂಬುತ್ತಿದ್ದೆ.

ಹಳೇ ಫೌಜಿ:
ಮೊಸಳೆ ಬಿಡಪ್ಪ. ನೀರು ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಸ್ವೆಟರ್ ಹಾಕಿ ಕಾಫಿ ಹೀರುತ್ತೀಯಲ್ಲ, ಆಗಿನಷ್ಟೇ ತಣ್ಣಗಿರುವ ನೀರಿನಲ್ಲಿ ಎದೆಮಟ್ಟ ಗಂಟೆಗಟ್ಟಲೆ ನಿಂತರೆ ಕಥೆ ಮುಗಿಯಿತು. ಅದೂ ವಾರಗಟ್ಟಲೆ ಅರೆಹೊಟ್ಟೆ, ಅರೆನಿದ್ದೆ, ಬೆನ್ನ ಮೇಲೆ ಹೊರೆ. ಮೈಯಲ್ಲಿ ಉರಿಯೋಕೆ ಎಣ್ಣೆಯೇ ಇರಲ್ಲ.

ನಡುಗುತ್ತಿರುವವನ ಬಗ್ಗೆ ನನಗೆ ಭಯವಿಲ್ಲ. ನಡುಕ ನಿಂತು, ಮಾತು ತೊದಲಿ, ಸುಮ್ನೆ ಎಡವೋಕೆ ಶುರು ಮಾಡಿದವನನ್ನು ತಕ್ಷಣ ಮೇಲೆತ್ತಬೇಕು. ಅವನಿಗೇ ಅದು ಗೊತ್ತಾಗುವುದಿಲ್ಲ, ಅದಕ್ಕೇ ಜೋಡಿ ಕೊಡುವುದು. ಫೌಜಲ್ಲಿ ಬಡ್ಡಿ ಅಂತೀವಿ, ಸಾಲದ ಬಡ್ಡಿ ಅಲ್ಲ! ಆ ದುರಂತದ ಮೇಲೆ ಅಲ್ಲಿ ನೀರಿನ ಆಳ, ತಂಪು ಅಳೆದು ಎಷ್ಟು ಹೊತ್ತು ಇಳಿಯಬಹುದು ಎಂದು ನಿಯಮ ಬಿಗಿ ಮಾಡಿದರು.

ಚಾರಣ ಪ್ರಿಯೆ:
ನಾನು ಕಾಲಿನ ಬಗ್ಗೆ ಹೇಳ್ತೀನಿ. ಕುದುರೆಮುಖದ ಮಳೆಯಲ್ಲಿ ಎರಡು ದಿನ ಒದ್ದೆ ಸಾಕ್ಸ್‌ನಲ್ಲೇ ನಡೆದಿದ್ದೆ. ಪಾದ ಬೆಳ್ಳಗೆ ಸುಕ್ಕುಗಟ್ಟಿ ಮರಗಟ್ಟಿತ್ತು, ಬೂಟು ಬಿಚ್ಚಿದಾಗ ಚರ್ಮವೂ ಜೊತೆಗೆ ಬಂತು. ಇಂಬಳಕ್ಕೆ ಉಪ್ಪು ಇಟ್ಟುಕೊಂಡಿದ್ದೆ, ಒಣ ಸಾಕ್ಸ್ ಮಾತ್ರ ಮರೆತಿದ್ದೆ. ಸೈನಿಕರು ಇದಕ್ಕೇನು ಮಾಡ್ತಾರೆ?

ಹಳೇ ಫೌಜಿ:
ನಿಂತಲ್ಲೆಲ್ಲ ಕಾಲು ಒರೆಸಿ, ಪೌಡರ್ ಹಾಕಿ, ಪ್ಲಾಸ್ಟಿಕ್ ಕವರಿನಿಂದ ಒಣ ಸಾಕ್ಸ್ ತೆಗೆಯುವುದು, ಅಷ್ಟೇ ತಾಯಿ. ನದಿ ದಾಟುವಾಗ ಇಬ್ಬರ ಬ್ಯಾಗನ್ನು ಮಳೆ ಹೊದಿಕೆಯಲ್ಲಿ ಸುತ್ತಿ ಕಟ್ಟಿದರೆ ಅದೇ ತೆಪ್ಪ. ತೇಲುತ್ತೆ, ಒಳಗಿನ ಬಟ್ಟೆಯೂ ಒಣಗಿರುತ್ತೆ.

ಜೆಸಿನಗರದವ:
ನಮ್ಮಲ್ಲಿ ಇಂಥ ತರಬೇತಿ ಮಿಜೋರಾಂನ ವೈರೆಂಗ್ಟೆಯಲ್ಲಿ ಅಲ್ವಾ ಸರ್?

ಹಳೇ ಫೌಜಿ:
ಅದು ಗುಡ್ಡ, ಬಿದಿರು ಕಾಡಿನ ಯುದ್ಧ ಕಲಿಸುವ ಶಾಲೆ. ಕೆಸರೇ ಬೇಕಿದ್ದರೆ ಗುಜರಾತಿನ ಕಛ್ ಗಡಿಯಲ್ಲಿ ಸಮುದ್ರದ ನೀರು ನುಗ್ಗುವ ಹರಾಮಿ ನಾಲಾ ನೋಡು, ಅಲ್ಲಿ ಗಡಿ ಕಾಯುವ ಬಿಎಸ್‌ಎಫ್‌ನ ಕ್ರೀಕ್ ಕ್ರೊಕಡೈಲ್ ಕಮಾಂಡೋಗಳಿದ್ದಾರೆ. ಸಮುದ್ರದ ನೀರು ಇಳಿದ ಮೇಲೆ ಅಲ್ಲಿ ದೋಣಿಯೂ ಹೋಗಲ್ಲ, ಕಾಲಿಟ್ಟರೆ ಹೂತುಹೋಗುತ್ತೆ. ನಿನ್ನ ಮೊಸಳೆ ಸಿಕ್ಕಿತಲ್ಲ, ಹೆಸರಲ್ಲಾದರೂ!