ಸಹಾಯ ಬೇಕು: ಚಿಕಿತ್ಸೆ, ಕಲಿಕೆ ಎರಡೂ ಇರುವ ವಸತಿ ಶಾಲೆ ಇದೆಯೇ?

ನಾವು ಉಡುಪಿಯವರು. ಒಂಬತ್ತನೇ ತರಗತಿಯ ನನ್ನ ಮಗನಿಗೆ ಕಲಿಕಾ ನ್ಯೂನತೆಯ ಜೊತೆಗೆ ತೀವ್ರ ಖಿನ್ನತೆಯೂ ಇದೆ. ಪಾಠ ಓದಿ ಹೇಳಿದರೆ ಸರಿಯಾಗಿ ಉತ್ತರಿಸುವ ಹುಡುಗ, ಬರೆಯಲು ಕೂತರೆ ಒತ್ತಕ್ಷರಗಳಲ್ಲಿ ಸಿಕ್ಕಿಕೊಂಡು ಹಾಳೆ ಹರಿಯುವಷ್ಟು ರಬ್ಬರಿನಿಂದ ಉಜ್ಜುತ್ತಾನೆ. ಈಗೀಗ ಕೋಣೆಯಿಂದ ಹೊರಗೇ ಬರುತ್ತಿಲ್ಲ. ಮಂಗಳೂರಿನಲ್ಲಿ ಮನೋವೈದ್ಯರ ಚಿಕಿತ್ಸೆ, ಇಲ್ಲಿ ವಿಶೇಷ ಶಿಕ್ಷಕರ ಪಾಠ ನಡೆಯುತ್ತಿದ್ದರೂ ಒಂದಕ್ಕೊಂದು ಹೊಂದಾಣಿಕೆಯಿಲ್ಲ. ಬುದ್ಧಿಮಟ್ಟ ಚೆನ್ನಾಗಿದೆಯೆಂದು ವಿಶೇಷ ಶಾಲೆಯವರು, ಮಾತ್ರೆ ತೆಗೆದುಕೊಳ್ಳುತ್ತಾನೆಂದು ಹಾಸ್ಟೆಲಿನವರು ಸೇರಿಸಿಕೊಳ್ಳುತ್ತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ನಿರ್ದಿಷ್ಟ ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಎರಡನ್ನೂ ಹೆಸರಿಸಿದೆ. ಆದರೆ ಎರಡೂ ಒಟ್ಟಿಗಿರುವ ಮಗುವನ್ನು ಎಲ್ಲಿ ಸೇರಿಸಬೇಕೆಂಬುದೇ ನನಗೆ ತಿಳಿಯುತ್ತಿಲ್ಲ.

ಮನೋವೈದ್ಯರು, ಆಪ್ತಸಮಾಲೋಚಕರು ಮತ್ತು ವಿಶೇಷ ಶಿಕ್ಷಕರು ಒಂದೇ ಆವರಣದಲ್ಲಿದ್ದು, ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿ ಬರೆಸುವ ವಸತಿ ಶಾಲೆ ದಕ್ಷಿಣ ಕನ್ನಡ, ಉಡುಪಿ ಅಥವಾ ಬೆಂಗಳೂರಿನಲ್ಲಿದೆಯೇ? ಮಕ್ಕಳನ್ನು ಅಂಥಲ್ಲಿ ಸೇರಿಸಿದ ಪೋಷಕರು ದಯವಿಟ್ಟು ತಿಳಿಸುವಿರಾ?