ಅರ್ಧ ಮನೆಗೆ ಹೊಸ ವೈರಿಂಗ್ ಆದ ಮೇಲೆ ಪದೇ ಪದೇ ಬೀಳುತ್ತಿರುವ ಆರ್‌ಸಿಸಿಬಿ

ಪ್ರಶ್ನೆ

ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವ ನಮ್ಮ ಹೆಂಚಿನ ಮನೆಗೆ ವಿದ್ಯುತ್ ಬಂದದ್ದು 1974ರಲ್ಲಿ. ಮರದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಹೊಡೆದು ಎಳೆದಿದ್ದ ಅಲ್ಯೂಮಿನಿಯಂ ತಂತಿಗಳ ಹೊದಿಕೆ ಈಗ ಮುಟ್ಟಿದರೆ ಉದುರುವಷ್ಟು ಒಣಗಿದೆ. ಹಣದ ಅನುಕೂಲ ನೋಡಿಕೊಂಡು ಕೆಲಸವನ್ನು ಎರಡು ಹಂತದಲ್ಲಿ ಮಾಡಿಸಲು ನಿಶ್ಚಯಿಸಿ, ಕಳೆದ ತಿಂಗಳು ಕೆಳಗಿನ ಜಗಲಿ, ನಡುಮನೆ, ಅಡಿಗೆಮನೆ ಮತ್ತು ಬಚ್ಚಲುಮನೆಗೆ ಪಿವಿಸಿ ಪೈಪಿನಲ್ಲಿ ತಾಮ್ರದ ತಂತಿ ಎಳೆಸಿದೆವು. ದೀಪ, ಫ್ಯಾನುಗಳಿಗೆ 1.5 ಚದರ ಮಿಲಿಮೀಟರ್, ಪ್ಲಗ್ಗುಗಳಿಗೆ 2.5, ಗೀಸರಿಗೆ 4 ಹಾಕಿದ್ದಾರೆ. ಹೊಸ ಡಿಬಿಯಲ್ಲಿ (ಲೈನುಗಳು ಹಂಚಿಹೋಗುವ ಪೆಟ್ಟಿಗೆ) ಕೆಳಗಿನ ಭಾಗಕ್ಕೆಲ್ಲ ಸೇರಿ 30 ಮಿಲಿ ಆಂಪಿಯರಿನ ಒಂದು ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಬಿದ್ದು ಲೈನನ್ನು ಕಡಿಯುವ ಸ್ವಿಚ್ಚು) ಇದೆ. ಮಹಡಿಯ ಹಳೆಯ ಲೈನು ಅದನ್ನು ಹಾಯದೆ ಮೇನ್ ಸ್ವಿಚ್ಚಿನಿಂದ ನೇರವಾಗಿ ಒಂದು ಎಂಸಿಬಿಯ (ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು) ಮೂಲಕ ಹೋಗುತ್ತದೆ.

ತೊಂದರೆ ಎರಡು ಬಗೆಯದು. ಮೆಟ್ಟಿಲಿನ 9 ವ್ಯಾಟ್ ಎಲ್‌ಇಡಿ ದೀಪವನ್ನು ಹಾಕಿದ ಕ್ಷಣವೇ ಆರ್‌ಸಿಸಿಬಿ ಬೀಳುತ್ತದೆ. ಅದೇ ಹೋಲ್ಡರಿಗೆ ಅರ್ಧ ವ್ಯಾಟಿನ ರಾತ್ರಿ ದೀಪ ಹಾಕಿದರೆ ಬೀಳುವುದಿಲ್ಲ. ಇನ್ನೊಂದು, ಮಹಡಿಯಲ್ಲಿ ಇಸ್ತ್ರಿ ಪೆಟ್ಟಿಗೆ ಹಚ್ಚಿದಾಗ, ಆ ಲೈನಿಗೆ ಸಂಬಂಧವೇ ಇಲ್ಲದ ಕೆಳಗಿನ ಆರ್‌ಸಿಸಿಬಿ ಕೆಲವೊಮ್ಮೆ ಬೀಳುತ್ತದೆ. ಕೆಳಗಿನ ಎಂಸಿಬಿಗಳನ್ನೆಲ್ಲ ಇಳಿಸಿದರೂ ಇದು ನಿಂತಿಲ್ಲ. ಕೆಲಸ ಮಾಡಿದವರು ಬೇರೆ ಆರ್‌ಸಿಸಿಬಿ ಹಾಕಿ ನೋಡಿದರು, ಅದೂ ಬಿತ್ತು. ಈಗ ಅದನ್ನು ತೆಗೆದು ನೇರ ಮಾಡಿಬಿಡೋಣ ಎನ್ನುತ್ತಿದ್ದಾರೆ. ಮನೆಯಲ್ಲಿ ಎಪ್ಪತ್ತೆಂಟು ವರ್ಷದ ನನ್ನ ತಾಯಿಯವರು ಒಬ್ಬರೇ ಇರುವುದರಿಂದ ಒಪ್ಪಲು ಮನಸ್ಸು ಬರುತ್ತಿಲ್ಲ. ತಿಳಿದವರು ದಾರಿ ತೋರಿಸಬೇಕು.

ಮೊದಲ ಉತ್ತರ

ದಯವಿಟ್ಟು ಒಪ್ಪಬೇಡಿ. ನಿಮ್ಮ ಸೀಮೆಯ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತಿಂಗಿನ ರೋಧ 50 ಓಮ್‌ವರೆಗೆ ಏರಿದೆ ಎಂದುಕೊಳ್ಳಿ. ಆಗ ಗೀಸರಿನ ಮೈಗೆ ಫೇಸ್ ತಗುಲಿದರೂ ನೆಲಕ್ಕೆ ಹರಿಯುವ ಕರೆಂಟು 230ನ್ನು 50ರಿಂದ ಭಾಗಿಸಿದಷ್ಟು, ಅಂದರೆ 4.6 ಆಂಪಿಯರ್ ಮಾತ್ರ. ಅಷ್ಟಕ್ಕೆ 16 ಆಂಪಿಯರಿನ ಎಂಸಿಬಿ ಎಂದಿಗೂ ಬೀಳುವುದಿಲ್ಲ, ಗೀಸರಿನ ಮೈಯಲ್ಲಿ ಕರೆಂಟು ಹಾಗೆಯೇ ಉಳಿಯುತ್ತದೆ. ಅಂಥ ಹೊತ್ತಿನಲ್ಲಿ ನಿಮ್ಮ ತಾಯಿಯವರನ್ನು ಕಾಯುವುದು ಆ ಆರ್‌ಸಿಸಿಬಿ ಒಂದೇ.

ಬದಲಾಯಿಸಿದ ಮೇಲೂ ಬಿದ್ದಿದೆ ಎಂದರೆ ದೋಷ ತಂತಿಯಲ್ಲಿದೆ. ಫೇಸಿನಲ್ಲಿ ಹೋದ ಕರೆಂಟಿಗೂ ನ್ಯೂಟ್ರಲಿನಲ್ಲಿ ಮರಳಿದ ಕರೆಂಟಿಗೂ ಇರುವ ವ್ಯತ್ಯಾಸವನ್ನಷ್ಟೇ ಈ ಉಪಕರಣ ನೋಡುತ್ತದೆ, ಅದು 30 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ ಬೀಳುತ್ತದೆ. ಮೆಟ್ಟಿಲ ದೀಪದ ವಿಚಾರವನ್ನು ನೀವೇ ಬಹುಪಾಲು ಬಿಡಿಸಿದ್ದೀರಿ. 9 ವ್ಯಾಟಿನ ದೀಪ ಕನಿಷ್ಠ 39 ಮಿಲಿ ಆಂಪಿಯರ್ ಎಳೆಯುತ್ತದೆ, ಅರ್ಧ ವ್ಯಾಟಿನದು ಎರಡು ಮೂರನ್ನಷ್ಟೇ. ದೀಪ ಎಳೆದ ಕರೆಂಟು ಪೂರ್ತಿಯಾಗಿ ಬೇರೆ ದಾರಿಯಲ್ಲಿ ಮರಳುತ್ತಿದ್ದರೆ ಮಾತ್ರ ಹೀಗಾಗಲು ಸಾಧ್ಯ. ಕೆಳಗಿನ ಟೂ-ವೇ ಸ್ವಿಚ್ಚಿಗೆ (ಒಂದೇ ದೀಪವನ್ನು ಎರಡು ಕಡೆಯಿಂದ ಹಾಕುವ ಸ್ವಿಚ್ಚು) ಹೊಸ ಲೈನಿನ ಫೇಸ್ ಕೊಟ್ಟು, ಮೇಲೆ ತೂಗುವ ಹೋಲ್ಡರಿಗೆ ಮಹಡಿಯ ಹಳೆಯ ನ್ಯೂಟ್ರಲನ್ನೇ ಉಳಿಸಿದ್ದಾರೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಹಳೆಯ ಕಟ್‌ಔಟ್ ಫ್ಯೂಸುಗಳ ಕಾಲದಲ್ಲಿ ಇಂಥ ಎರವಲು ನ್ಯೂಟ್ರಲ್ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಆದರೆ ಮಹಡಿಯ ಎಂಸಿಬಿ ಇಳಿಸಿ, ಲೈನು ಸತ್ತಿದೆ ಎಂದು ನಂಬಿ ಆ ನ್ಯೂಟ್ರಲನ್ನು ಬಿಚ್ಚಿದವನಿಗೆ ಕೆಳಗಿನ ಫೇಸ್ ದೀಪದ ಮೂಲಕ ಬಂದು ಹೊಡೆಯಬಹುದು. ಫೇಸು, ನ್ಯೂಟ್ರಲು ಎರಡೂ ಒಂದೇ ಸರ್ಕ್ಯೂಟಿನಿಂದ ಬರುವಂತೆ ಮಾಡಿಸಿ.

ಇಸ್ತ್ರಿ ಪೆಟ್ಟಿಗೆಯದು ಬೇರೆ ದೋಷ. ಕೆಳಗೆ ಎಲ್ಲೋ ನ್ಯೂಟ್ರಲು ಅರ್ತಿಂಗಿಗೆ ತಗುಲಿರಬೇಕು. ಮೇಲೆ ಸಾವಿರ ವ್ಯಾಟಿನ ಹೊರೆ ಬಿದ್ದಾಗ ಕಂಬದಿಂದ ಮನೆಗೆ ಬರುವ ನ್ಯೂಟ್ರಲ್ ತಂತಿಯಲ್ಲಿ ಒಂದೆರಡು ವೋಲ್ಟ್ ಏಳುತ್ತದೆ. ಅಷ್ಟೇ ಸಾಕು, ಕರೆಂಟಿನ ಒಂದು ಪಾಲು ಆರ್‌ಸಿಸಿಬಿಯ ನ್ಯೂಟ್ರಲನ್ನು ಹಾದು ನೆಲಕ್ಕೆ ಇಳಿಯುತ್ತದೆ. ಎಂಸಿಬಿ ಇಳಿಸಿದರೂ ಪ್ರಯೋಜನವಾಗದಿರುವುದಕ್ಕೆ ಕಾರಣ, ಒಂಟಿ ಪೋಲಿನ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲು ಬಾರಿನಲ್ಲಿ (ಡಿಬಿಯಲ್ಲಿ ಆ ತಂತಿಗಳೆಲ್ಲ ಕೂಡುವ ಲೋಹದ ಪಟ್ಟಿ) ಸೇರಿಕೊಂಡೇ ಇರುತ್ತದೆ. ಮೇನ್ ಸ್ವಿಚ್ಚು ಮತ್ತು ಆರ್‌ಸಿಸಿಬಿ ಎರಡನ್ನೂ ಇಳಿಸಿ, ಎಲ್ಲ ಪ್ಲಗ್ಗುಗಳನ್ನು ಕಿತ್ತು, ಕರೆಂಟಿಲ್ಲವೆಂದು ಮಲ್ಟಿಮೀಟರಿನಿಂದಲೇ ಖಚಿತಪಡಿಸಿಕೊಂಡ ಮೇಲೆ (ಟೆಸ್ಟರಿನ ದೀಪವನ್ನಷ್ಟೇ ನಂಬಬೇಡಿ) ನ್ಯೂಟ್ರಲ್ ಬಾರಿಗೂ ಅರ್ತಿಂಗ್ ಬಾರಿಗೂ ನಡುವಿನ ರೋಧ ಅಳೆಯಲು ಹೇಳಿ. ಒಂದೆರಡು ಓಮ್ ತೋರಿಸಿದರೆ ನ್ಯೂಟ್ರಲ್ ತಂತಿಗಳನ್ನು ಬಾರಿನಿಂದ ಒಂದೊಂದಾಗಿ ಬಿಚ್ಚಿಸಿ. ಯಾವುದನ್ನು ಬಿಚ್ಚಿದಾಗ ರೋಧ ಏರುತ್ತದೆಯೋ ಆ ಲೈನಿನಲ್ಲಿ ದೋಷವಿದೆ. ಪರವಾನಗಿ ಇರುವ ಬೇರೊಬ್ಬ ಎಲೆಕ್ಟ್ರಿಷಿಯನ್ನರ ಕೈಯಲ್ಲಿ ಇದನ್ನು ಮಾಡಿಸುವುದು ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ

ಶಿವಮೊಗ್ಗದಿಂದ ಒಬ್ಬರನ್ನು ಕರೆಸಿ ನೀವು ಹೇಳಿದಂತೆಯೇ ನೋಡಿಸಿದೆ. ಬಾರುಗಳ ನಡುವೆ 0.6 ಓಮ್ ಇತ್ತು. ಬಚ್ಚಲುಮನೆಯ ನ್ಯೂಟ್ರಲನ್ನು ಬಿಚ್ಚಿದೊಡನೆ ಮೀಟರು ಮೇಲಕ್ಕೆ ಏರಿತು. ಅಲ್ಲಿ ತಂತಿ ಹೊಸದಾದರೂ, ವಾಷಿಂಗ್ ಮಷೀನಿನ ಮೂರು ಪಿನ್ನಿನ ಸಾಕೆಟ್ಟು ಹಳೆಯದೇ ಉಳಿದಿತ್ತು. ಬಿಚ್ಚಿ ನೋಡಿದರೆ ಅದರ ಹಿಂದೆ ಅರ್ತಿಂಗ್ ಪಿನ್ನಿನಿಂದ ನ್ಯೂಟ್ರಲಿಗೆ ಬೆರಳುದ್ದದ ತುಂಡು ತಂತಿ ಕಟ್ಟಿತ್ತು. ಮನೆಯಲ್ಲಿ ಅರ್ತಿಂಗ್ ತಂತಿಯೇ ಇಲ್ಲದ ಕಾಲದಲ್ಲಿ ಯಾರೋ ಮಾಡಿದ್ದಿರಬೇಕು.

ಮೊದಲ ಉತ್ತರ ಬರೆದವರಿಂದ

ಆ ತುಂಡನ್ನು ಕಂಡು ನನಗೆ ನಿಜವಾಗಿಯೂ ಭಯವಾಯಿತು. ಇಷ್ಟು ವರ್ಷಗಳಲ್ಲಿ ಒಮ್ಮೆ ಆ ಸಾಕೆಟ್ಟಿನ ನ್ಯೂಟ್ರಲು ಎಲ್ಲಾದರೂ ಕಡಿದಿದ್ದರೆ, ಒದ್ದೆ ನೆಲದ ಮೇಲೆ ನಿಂತವರು ಮುಟ್ಟುವ ಮಷೀನಿನ ಮೈಗೆ ಪೂರ್ತಿ 230 ವೋಲ್ಟ್ ಬರುತ್ತಿತ್ತು. ಮನೆಯ ಉಳಿದ ಹಳೆಯ ಸಾಕೆಟ್ಟುಗಳನ್ನೂ ಒಂದನ್ನೂ ಬಿಡದೆ ಬಿಚ್ಚಿಸಿ ನೋಡಿ.

ಮತ್ತೊಬ್ಬರ ಉತ್ತರ

ಮಹಡಿಯ ಲೈನಿನ ಬಗ್ಗೆ ಒಂದು ಮಾತು. ಡಿಬಿಯ ಬಳಿ ಹಳೆಯ ಅಲ್ಯೂಮಿನಿಯಂ ತಂತಿಗೆ ಹೊಸ ತಾಮ್ರದ ತುಂಡನ್ನು ತಿರುಚಿ ಟೇಪು ಸುತ್ತಿದ್ದಾರೆಯೇ ನೋಡಿ. ಅಲ್ಯೂಮಿನಿಯಂ ಮೇಲೆ ಗಾಳಿ ತಾಗಿದೊಡನೆ ಕೂಡುವ ಆಕ್ಸೈಡ್ ಪದರ ಕರೆಂಟನ್ನು ತಡೆಯುತ್ತದೆ. ಬಿಸಿಯಾದಾಗ ಅದು ತಾಮ್ರಕ್ಕಿಂತ ಹೆಚ್ಚು ಹಿಗ್ಗಿ ಜೋಡಣೆಯನ್ನು ಸಡಿಲ ಮಾಡುತ್ತದೆ. ಮಲೆನಾಡಿನ ತೇವದಲ್ಲಿ ಎರಡು ಲೋಹಗಳು ಸೇರಿದ ಜಾಗ ಬೇಗ ತಿನ್ನಿಸಿಕೊಳ್ಳುತ್ತದೆ. ಇಂಥ ಜೋಡಣೆ ಕಾದು ಕೆಂಪಾದರೂ ಎಂಸಿಬಿಗಾಗಲಿ ಆರ್‌ಸಿಸಿಬಿಗಾಗಲಿ ತಿಳಿಯುವುದಿಲ್ಲ, ಹತ್ತಿರವಿರುವುದು ಐವತ್ತು ವರ್ಷ ಒಣಗಿದ ಮರದ ಪಟ್ಟಿ. ಎರಡನೆಯ ಹಂತ ಮುಗಿಯುವವರೆಗೆ ಎರಡು ಲೋಹಗಳಿಗೂ ಹೊಂದುವ ಕನೆಕ್ಟರನ್ನು ಬಳಸಿ, ಆ ಲೈನಿನಲ್ಲಿ ದೀಪ, ಫ್ಯಾನುಗಳನ್ನು ಬಿಟ್ಟು ಬೇರೇನನ್ನೂ ಹಚ್ಚಬೇಡಿ.

ಹೊಸ ತಂತಿ ಎಳೆದ ಮೇಲೆ 500 ವೋಲ್ಟಿನ ಮೆಗ್ಗರ್ ಪರೀಕ್ಷೆಯನ್ನು (ತಂತಿಯ ಹೊದಿಕೆಯ ರೋಧ ಅಳೆಯುವುದು) ಕೇಳಿ ಮಾಡಿಸಿಕೊಳ್ಳಿ. ಎಲ್‌ಇಡಿ ದೀಪಗಳನ್ನೂ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳನ್ನೂ ಮೊದಲು ತೆಗೆದಿಡದಿದ್ದರೆ ಸುಟ್ಟುಹೋಗಬಹುದು. ಹೊಸ ತಂತಿಯಲ್ಲಿ 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಕೆಲಸವನ್ನು ಒಪ್ಪಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರಿಂದ

ಟೇಪು ಬಿಚ್ಚಿಸಿದಾಗ ಒಳಗೆ ಕಪ್ಪಾಗಿ ಕರಗಿತ್ತು. ಇಸ್ತ್ರಿ ಪೆಟ್ಟಿಗೆ ಅಂದೇ ಕೆಳಗೆ ಇಳಿಯಿತು. ಮುಂದಿನ ವರ್ಷಕ್ಕೆಂದು ಬಿಟ್ಟಿದ್ದ ಮಹಡಿಯ ಕೆಲಸವನ್ನು ಮಳೆಗಾಲಕ್ಕೆ ಮೊದಲೇ ಮುಗಿಸಲು ಮುಂಗಡ ಕೊಟ್ಟಿದ್ದೇನೆ. ಅದಕ್ಕೂ ಪ್ರತ್ಯೇಕ ಆರ್‌ಸಿಸಿಬಿ ಬರಲಿದೆ. ಮೆಟ್ಟಿಲ ದೀಪಕ್ಕೆ ಕೆಳಗಿನ ಲೈನಿನಿಂದಲೇ ಹೊಸ ನ್ಯೂಟ್ರಲ್ ಎಳೆಸಿದ್ದೇನೆ. ಆರು ದಿನಗಳಿಂದ ಆರ್‌ಸಿಸಿಬಿ ಒಮ್ಮೆಯೂ ತಾನಾಗಿ ಬಿದ್ದಿಲ್ಲ; ಅದರ ಪರೀಕ್ಷಾ ಗುಂಡಿಯನ್ನು ಒತ್ತಿದಾಗ ಮಾತ್ರ ತಕ್ಷಣ ಬೀಳುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ ನೋಡುವುದನ್ನು ತಾಯಿಯವರಿಗೂ ತೋರಿಸಿಕೊಟ್ಟಿದ್ದೇನೆ.