ಹೆಂಗಸರಿಗೂ ಗುರುದೀಕ್ಷೆ ಬೇಕು ಎಂದವಳಿಗೆ ಪರಮಪ್ರಸಾದ ಇಲ್ಲವೇ?

ಕುಂಬಳೆಯವಳು: ನಾವು ಕಥೋಲಿಕರು. ನಮ್ಮದು ಕಾಸರಗೋಡು ಜಿಲ್ಲೆ, ಧರ್ಮಪ್ರಾಂತ್ಯ (ಬಿಷಪರ ಆಡಳಿತದ ವ್ಯಾಪ್ತಿ) ಮಾತ್ರ ಮಂಗಳೂರು. ಕಳೆದ ವಾರ ವಾಳೆಯ (ಇಗರ್ಜಿಯ ನೆರೆಹೊರೆ ಗುಂಪಿನ) ಸಭೆಯಲ್ಲಿ ಹೆಂಗಸರಿಗೂ ಗುರುದೀಕ್ಷೆ, ಅಂದರೆ ಪಾದ್ರಿಯಾಗುವ ದೀಕ್ಷೆ, ಸಿಗಬೇಕು ಎಂದೆ. ಹಿರಿಯರೊಬ್ಬರು ಎದ್ದು, "ಹೀಗೆ ನಂಬುವವಳು ಪರಮಪ್ರಸಾದಕ್ಕೆ ಬರಬಾರದು" ಎಂದರು. ಪೂಜೆಯಲ್ಲಿ ಸಾಲಾಗಿ ನಿಂತು ಪಡೆಯುವ ಪವಿತ್ರ ರೊಟ್ಟಿ ನನಗಿಲ್ಲ ಎಂದರ್ಥ. ಒಬ್ಬರೂ ಮಾತಾಡಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಹಾಗೆ ಹೇಳುವ ಹಕ್ಕು ಅವರಿಗೆ ಇದೆಯೇ?

ಮಂಜೇಶ್ವರ ಮಾಸ್ತರ್: ಹಕ್ಕಿನ ಮಾತು ಆಮೇಲೆ. 1994ರ ಮೇ 22ರಂದು ಪೋಪ್ ಎರಡನೇ ಜಾನ್ ಪೌಲ್ ಬರೆದ ಪತ್ರ ಓದಿ. ಹೆಂಗಸರಿಗೆ ಗುರುದೀಕ್ಷೆ ಕೊಡುವ ಅಧಿಕಾರವೇ ಧರ್ಮಸಭೆಗೆ ಇಲ್ಲ ಎಂದಿದ್ದಾರೆ. ಪೋಪ್ ಫ್ರಾನ್ಸಿಸ್ ಕೂಡ ಏನನ್ನೂ ಬದಲಿಸಲಿಲ್ಲ.

ಹೊಸಂಗಡಿ ಹುಡುಗ: "ಏನನ್ನೂ ಬದಲಿಸಲಿಲ್ಲ" ಅಂದ್ರಾ? ಪೂಜೆಯಲ್ಲಿ ಬೈಬಲ್ ಓದುವ ವಾಚಕರ ಸೇವೆ, ಪಾದ್ರಿಗೆ ನೆರವಾಗುವ ಪೀಠಸೇವೆ ಎರಡೂ 1972ರ ನಿಯಮದಂತೆ ಗಂಡಸರಿಗೆ ಮಾತ್ರ ಇದ್ದವು. 2021ರ ಜನವರಿಯಲ್ಲಿ ಹೆಂಗಸರಿಗೂ ತೆರೆದವರು ಅವರೇ. ಇನ್ನು ಬೈಬಲಿನ ಫೊಯಿಬೆ? ರೋಮ 16:1ರಲ್ಲಿ ಪ್ರೇಷಿತ ಪೌಲ ಅವಳನ್ನು ಡೀಕನ್ (ಗುರುವಿಗಿಂತ ಕೆಳಗಿನ ದೀಕ್ಷೆಯ ಹುದ್ದೆ) ಎಂದೇ ಕರೆದಿದ್ದಾನೆ.

ಮಂಜೇಶ್ವರ ಮಾಸ್ತರ್: ಡೀಕನ್ ಅಲ್ಲ, ಸೇವಕಿ. ಕನ್ನಡ ಬೈಬಲ್ ತೆರೆದು ನೋಡಿ.

ಹೊಸಂಗಡಿ ಹುಡುಗ: ಪೌಲ ಕನ್ನಡದಲ್ಲಿ ಬರೆಯಲಿಲ್ಲ ಮಾಸ್ತರೇ. ಗ್ರೀಕಿನಲ್ಲಿ ದಿಯಾಕೊನೊಸ್ ಎಂದಿದೆ. ಫಿಲಿಪ್ಪಿ 1:1ರಲ್ಲಿ ಗಂಡಸರಿಗೂ ಅದೇ ಪದ. ಗಂಡಸಾದರೆ ಹುದ್ದೆ, ಹೆಂಗಸಾದರೆ ಚಾಕರಿ, ಅಲ್ವಾ?

ಮಂಜೇಶ್ವರ ಮಾಸ್ತರ್: ಚಾಕರಿ ಎಂದು ನಾನು ಹೇಳಲಿಲ್ಲ, ನನ್ನ ಬಾಯಿಗೆ ಮಾತು ತುರುಕಬೇಡಿ. ರೋಮ 13:4ರಲ್ಲಿ ಆಳುವ ಅಧಿಕಾರಿಗೂ ಅದೇ ಪದ ಇದೆ. ಅವನೂ ದೀಕ್ಷೆ ಪಡೆದವನೇ?

ಹೊಸಂಗಡಿ ಹುಡುಗ: ಅಲ್ಲಿ "ದೇವರ" ಸೇವಕ. ಇಲ್ಲಿ "ಕೆಂಕ್ರೆಯ ಸಭೆಯ". ಒಂದು ಊರಿನ ಸಭೆಗೆ ಸೇರಿದ ಕೆಲಸ ಅದು. ಅರ್ಧ ಸಾಲು ಓದಿ ವಾದ ಮಾಡಬೇಡಿ.

ಮಂಜೇಶ್ವರ ಮಾಸ್ತರ್: ಅರ್ಧ ಓದುವವರು ನೀವು. 325ರಲ್ಲಿ ಬಿಷಪರು ಸೇರಿದ ನಿಕೇಯ ಸಮ್ಮೇಳನ, 19ನೇ ನಿಯಮ. ಡೀಕನೆಸ್‌ಗಳಿಗೆ ಹಸ್ತನಿಕ್ಷೇಪ (ತಲೆಯ ಮೇಲೆ ಕೈಯಿಟ್ಟು ಕೊಡುವ ದೀಕ್ಷೆ) ಇಲ್ಲ, ಅವರು ಸಾಮಾನ್ಯ ಭಕ್ತರ ಸಾಲಿಗೆ ಸೇರಿದವರು ಎಂದಿದೆ.

ಹೊಸಂಗಡಿ ಹುಡುಗ: ಅದು ಒಂದು ಪಂಗಡದಿಂದ ಮರಳಿ ಬಂದವರ ಬಗ್ಗೆ ಮಾಡಿದ ನಿಯಮ. ಅದನ್ನು ಯಾಕೆ ಬಿಟ್ಟಿರಿ? 451ರ ಖಾಲ್ಸೆದೋನ್ ಸಮ್ಮೇಳನ ನೋಡಿ, 15ನೇ ನಿಯಮ. 40 ವರ್ಷ ತುಂಬದ ಹೆಂಗಸಿಗೆ ಡೀಕನ್ ದೀಕ್ಷೆ ಬೇಡ ಎಂದಿದೆ. ತುಂಬಿದವರಿಗೆ ಕೊಡುತ್ತಿದ್ದರು ಎಂದೇ ಅರ್ಥ.

ಮಂಜೇಶ್ವರ ಮಾಸ್ತರ್: ಡೀಕನ್ ಬೇರೆ, ಗುರು ಬೇರೆ. ಇಷ್ಟು ಹೊತ್ತು ಸುಮ್ನೆ ದಾರಿ ತಪ್ಪಿಸಿದಿರಿ.

ಆದೋನಿ ಕನ್ನಡಿಗ: ನಾನು ಸಿಎಸ್ಐನವನು, ನಮ್ಮದು ಪ್ರೊಟೆಸ್ಟಂಟ್ ಸಭೆ. ನಮ್ಮಲ್ಲಿ ಹೆಂಗಸರು ಪಾದ್ರಿಗಳಾಗಿ ಎಷ್ಟೋ ವರ್ಷ ಆಯಿತು. 2013ರಲ್ಲಿ ನಂದ್ಯಾಲಕ್ಕೆ ಪುಷ್ಪಲಲಿತ ಅವರು ಬಿಷಪ್ ಆದರು. ಆಕಾಶ ಬೀಳಲಿಲ್ಲ.

ಮಂಜೇಶ್ವರ ಮಾಸ್ತರ್: ಹಾಗಾದರೆ ಬೇಕಾದವರು ಅಲ್ಲಿಗೇ ಹೋಗಲಿ.

ಕುಂಬಳೆಯವಳು: ನಾನು ಯಾಕೆ ಹೋಗಲಿ? ನನ್ನ ಅಜ್ಜಿ ಮಲಗಿರುವುದು ಈ ಇಗರ್ಜಿಯ ಮಣ್ಣಿನಲ್ಲಿ. ತೆನೆ ಹಬ್ಬಕ್ಕೆ ಮೊದಲ ಹೂ ಕೊಯ್ಯಲು ಕಲಿಸಿದವಳು ಅವಳು. ನಾನು ಕೇಳಿದ್ದು ಫೊಯಿಬೆಯ ವಿಷಯ ಅಲ್ಲ. ಮನಸ್ಸಾಕ್ಷಿಯ ವಿಷಯ.

ಬೇಳದ ಬಾಯಿ: ಕಥೋಲಿಕ ಬೋಧನೆಯ ಧರ್ಮೋಪದೇಶ ಗ್ರಂಥದ 1790ನೇ ಕಲಂ ಓದು ಮಗಳೇ. ಖಚಿತವಾದ ಮನಸ್ಸಾಕ್ಷಿಯ ತೀರ್ಪಿಗೆ ಮನುಷ್ಯ ಯಾವಾಗಲೂ ವಿಧೇಯನಾಗಬೇಕು ಎಂದಿದೆ.

ಮಂಜೇಶ್ವರ ಮಾಸ್ತರ್: ಎರಡು ಕಲಂ ಮುಂದೆಯೂ ಹೋಗಿ ಬಾಯಿ. 1792. ಮನಸ್ಸಾಕ್ಷಿ ದಾರಿ ತಪ್ಪಲು ಧರ್ಮಸಭೆಯ ಅಧಿಕಾರವನ್ನು ತಳ್ಳಿಹಾಕುವುದೂ ಒಂದು ಕಾರಣ. ಧರ್ಮಸಭೆಯ 1379ನೇ ಕಾನೂನಿನಲ್ಲಿ ಬಹಿಷ್ಕಾರವೂ ಇದೆ.

ಬೇಳದ ಬಾಯಿ: ಬಹಿಷ್ಕಾರ ಇರುವುದು ದೀಕ್ಷೆ ಕೊಡಲು ಹೋದವರಿಗೆ, ಪಡೆಯಲು ಹೋದ ಹೆಂಗಸಿಗೆ. 2002ರಲ್ಲಿ ಡ್ಯಾನ್ಯೂಬ್ ನದಿಯ ಹಡಗಿನಲ್ಲಿ ದೀಕ್ಷೆ ಪಡೆದ 7 ಹೆಂಗಸರಿಗೆ ಆದದ್ದು ಅದೇ. ಈ ಹುಡುಗಿ ಬರೀ ಒಂದು ಮಾತು ಹೇಳಿದ್ದಾಳೆ.

ಮಂಜೇಶ್ವರ ಮಾಸ್ತರ್: ಬರೀ ಮಾತಿಗೂ 1365ನೇ ಕಾನೂನು ಇದೆ. ಎಚ್ಚರಿಸಿದ ಮೇಲೂ ಪಟ್ಟು ಬಿಡದಿದ್ದರೆ ಶಿಕ್ಷೆ.

ಬೇಳದ ಬಾಯಿ: ಎಚ್ಚರಿಸುವವರು ಯಾರು? ರೋಮ್ ಅಥವಾ ಬಿಷಪ್. ವಾಳೆಯ ಹಿರಿಯರಲ್ಲ.

ಮಂಜೇಶ್ವರ ಮಾಸ್ತರ್: ಆ ಹಿರಿಯರ ಪರವಾಗಿ ನಾನು ಮಾತಾಡುತ್ತಿಲ್ಲ. ಬೋಧನೆಯ ಪರ ಮಾತಾಡುತ್ತಿದ್ದೇನೆ.

ಹೊಸಂಗಡಿ ಹುಡುಗ: ಖಾಲ್ಸೆದೋನ್‌ಗೆ ಇನ್ನೂ ಉತ್ತರ ಬಂದಿಲ್ಲ.

ಕುಂಬಳೆಯವಳು: ಭಾನುವಾರ ನಾನು ಸಾಲಿನಲ್ಲಿ ನಿಲ್ಲುತ್ತೇನೆ.

ಮಂಜೇಶ್ವರ ಮಾಸ್ತರ್: 1994ರ ಪತ್ರ ಓದಿ ನಿಲ್ಲಿ.

ಕುಂಬಳೆಯವಳು: ಎರಡು ಸಲ ಓದಿದ್ದೇನೆ. ಅತ್ತಿದ್ದೇನೆ ಕೂಡ. ಆದರೂ ನಿಲ್ಲುತ್ತೇನೆ.